ಮನೆಯನ್ನು ಹಳಿದ ಗಿರಾಕಿ

ಬಿದಿರುಕೋಟೆಯ ದೊರೆ ಬೊಮ್ಮಣ್ಣನಾಯಕನಿಗೆ ಊಟವಾದ ಮೇಲೆ ಯಾರನ್ನಾದರೂ ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಕೆಣಕಿಸಿಕೊಳ್ಳುವ ಕೆಲಸ ಆಸ್ಥಾನದ ಜಾಣ ಓಬಳಯ್ಯನದು.

"ಓಬಳಯ್ಯ, ಮೊನ್ನೆ ನಿನ್ನ ಮನೆಗೆ ಊಟಕ್ಕೆ ಬಂದಾಗ ತೂಗುಮಣೆಯ ಮೇಲೆ ಕೂತಿದ್ದೆನಲ್ಲ, ಏನಯ್ಯಾ ಅದು? ಸರಪಳಿ ಕಿರುಗುಟ್ಟುತ್ತದೆ, ಹಲಗೆ ಸೊಟ್ಟ. ಒಲೆಗೆ ಹಾಕು ಅದನ್ನ."

"ಅದರ ಮೇಲೇ ತಾವು ಸಂಜೆಯವರೆಗೆ ಗೊರಕೆ ಹೊಡೆದಿರಿ, ಬುದ್ಧಿ."

ಅಷ್ಟರಲ್ಲಿ ಬಳೆ ಮಾರುವ ಮಾಳವ್ವ ಕೈಮುಗಿದುಕೊಂಡು ಬಂದಳು.

"ಬುದ್ಧೀ, ಹೊಳೆದಂಡೆ ಪೇಟೆಯಾಗೆ ಒಂದು ಅಂಗಡಿ ಸಿಕ್ಕೈತೆ. ಹುಣ್ಣಿಮೆ ದಿನ ನೂರು ವರಹ ಕಟ್ಟಿದ್ರೆ ನಂದು, ಇಲ್ದಿದ್ರೆ ಬೇರೆಯವರ ಪಾಲು. ಇಪ್ಪತ್ತು ವರ್ಷ ಬಳೆ ಮಲಾರ ಹೊತ್ತು ಬೀದಿ ಸುತ್ತೀನಿ, ಇನ್ನು ಬೆನ್ನು ಮಾತು ಕೇಳಲ್ಲ. ಇರೋ ಮನೆ ಮಾರಾಣ ಅಂದ್ರೆ ಒಂದು ವರ್ಷದಿಂದ ಯಾರೂ ತಲೆ ಹಾಕಿಲ್ಲ. ಯಾರೋ ಹೆಸರು ಹೇಳದೆ ಆಳು ಕಳಿಸಿ, ಮೂವತ್ತಕ್ಕೆ ಕೊಡ್ತೀಯಾ ಅಂತ ಕೇಳಿದ್ರು, ಅಷ್ಟೇಯ."

ಅವಳ ಪಕ್ಕದ ಮನೆಯವನೇ ಆದ, ಅರಮನೆ ಬೊಕ್ಕಸದ ಭಂಡಾರಿ ಸಾಂತಪ್ಪ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. "ಮೂವತ್ತೇ ಹೆಚ್ಚಾಯಿತು, ಮಹಾಪ್ರಭು. ತೊಲೆಗೆಲ್ಲ ಗೆದ್ದಲು, ಬಾವಿಯಲ್ಲಿ ದೆವ್ವ, ಬಾಗಿಲು ತೆಂಕಣಕ್ಕೆ. ಅದಕ್ಕೆ ನೂರು ವರಹ ನಗದು ಎಣಿಸುವ ಗಿರಾಕಿ ಈ ಊರಿನಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೆ ನನಗೆ ಗೊತ್ತಿರುತ್ತಿತ್ತು."

"ನಾನು ಹುಡುಕುತ್ತೇನೆ," ಎಂದ ಓಬಳಯ್ಯ.

"ಹುಡುಕಲಿ. ಹುಣ್ಣಿಮೆಗೆ ಸಿಗದಿದ್ದರೆ ಇವರೇ ಮಲಾರ ಹೊತ್ತು ಬಳೆ ಮಾರಲಿ," ಎಂದ ಸಾಂತಪ್ಪ.

ದೊರೆಗೆ ಇಂಥದ್ದೇ ಬೇಕಿತ್ತು. ಒಪ್ಪಿಬಿಟ್ಟ.

ಹೊರಗೆ ಬಂದ ಓಬಳಯ್ಯ ಮಾಳವ್ವನ ಕೈಗೆ ಎಲೆ ಅಡಿಕೆ ಕೊಟ್ಟ. "ತಾಯಿ, ವ್ಯಾಪಾರದ ಮಾತು ಗಟ್ಟಿಯಾಗಲಿ, ಈ ವೀಳ್ಯ ತಗೊಳ್ಳಿ. ಹುಣ್ಣಿಮೆವರೆಗೆ ನಿಮ್ಮ ಮನೆಯ ಮಾತು ನನ್ನ ಕೈಲಿರಲಿ. ನೂರು ವರಹ ನಿಮಗೆ. ಅದರ ಮೇಲೆ ಬಂದದ್ದು ನನ್ನ ಓಡಾಟಕ್ಕೆ."

"ಬರದಿದ್ರೆ, ಸ್ವಾಮಿ?"

"ಬರದಿದ್ದರೆ ಮಲಾರ ಹೊರೋದು ಹೇಗೆ ಅಂತ ಕಲಿಸಿಕೊಡಿ."

ಅವನು ಹಣವಂತರ ಬಾಗಿಲಿಗೆ ಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಹೋದದ್ದು ಕ್ಷೌರದ ಕಟ್ಟೆಗೆ, ಎಣ್ಣೆ ಅಂಗಡಿಗೆ, ಮೊಸರಿನವಳ ಹತ್ತಿರಕ್ಕೆ. "ನಮ್ಮ ಮಾಳವ್ವನ ಮನೆಗೆ ಏನು ಐಬು?" ಇಷ್ಟೇ ಅವನ ಪ್ರಶ್ನೆ. ಗೆದ್ದಲು, ದೆವ್ವ, ತೆಂಕಣ ಬಾಗಿಲು ಎಂದು ಎಲ್ಲರೂ ಒಂದೇ ಉಸಿರಿಗೆ ಒಪ್ಪಿಸಿದರು.

"ನೀನು ನೋಡಿದೆಯಾ?" ಎಂದು ಕ್ಷೌರಿಕನನ್ನು ಕೇಳಿದ.

"ನಾನ್ಯಾಕೆ ನೋಡಲಿ? ಎಣ್ಣೆ ಅಂಗಡಿಯಲ್ಲಿ ಅಂದರು."

ಎಣ್ಣೆ ಅಂಗಡಿಯವನಿಗೆ ಹೇಳಿದವಳು ಮೊಸರಿನವಳು. ಮೊಸರಿನವಳು, "ಭಂಡಾರಿಗಳ ಮನೆಯಾಗೆ ಅಂದ್ರು. ಗೆದ್ದಲು ಹಿಡಿದಿರೋದು ನಡುಮನೆ ಮೂರನೇ ತೊಲೆಗಂತೆ," ಎಂದು ಲೆಕ್ಕ ಸಮೇತ ಹೇಳಿದಳು. ಓಬಳಯ್ಯ ಅಲ್ಲಿಂದ ನೇರ ಮನೆಗೆ ಹೋಗಿ ತೂಗುಮಣೆಯ ಮೇಲೆ ಮಲಗಿಬಿಟ್ಟ. ಹುಣ್ಣಿಮೆಯವರೆಗೂ ಎದ್ದು ಎಲ್ಲಿಗೂ ಹೋಗಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಆಸ್ಥಾನ ತುಂಬಿತ್ತು. ಸಾಂತಪ್ಪ ಒಂದು ಮಲಾರವನ್ನೂ ತರಿಸಿ ಇಟ್ಟುಕೊಂಡಿದ್ದ. ಮೂಲೆಯಲ್ಲಿ ನಿಂತಿದ್ದ ಮಾಳವ್ವನ ಮುಖ ಬಾಡಿತ್ತು.

"ಎಲ್ಲಯ್ಯಾ ನಿನ್ನ ಗಿರಾಕಿ?" ಎಂದ ದೊರೆ.

"ಮನುಷ್ಯರು ಯಾರೂ ಅದರಲ್ಲಿ ಇರಲಾರರಂತೆ, ಬುದ್ಧಿ. ನೂರು ವರಹಕ್ಕೆ ಅರಮನೆಯೇ ಕೊಂಡುಕೊಳ್ಳಲಿ. ಮನೆ ಕೆಡವಿ ನೆಲಸಮ ಮಾಡಿ ಪಟ್ಟದಾನೆಯನ್ನು ಅಲ್ಲಿ ಕಟ್ಟಿಸಿ. ಆನೆ ಗೆದ್ದಲಿಗೂ ಹೆದರುವುದಿಲ್ಲ, ದೆವ್ವಕ್ಕೂ ಹೆದರುವುದಿಲ್ಲ."

ಆನೆಯ ಲಾಯ ಸೋರುತ್ತಿದೆಯೆಂದು ಮಾವುತ ತಿಂಗಳಿಂದ ದೊರೆಯ ತಲೆ ತಿನ್ನುತ್ತಿದ್ದ. "ಅದೂ ಸರಿಯೇ. ನಾಳೆಯೇ ಕೆಡವಿಸೋಣ," ಎಂದ ದೊರೆ.

ಸಾಂತಪ್ಪನ ಮಲಗುವ ಕೋಣೆಯ ಕಿಟಕಿ ಆ ಕಡೆಗೇ ತೆರೆಯುತ್ತಿತ್ತು. ಅವನು ಕೂತಲ್ಲಿಂದ ಎದ್ದು ನಿಂತ.

"ಕೆಡವುವುದೆ? ಬೇಡ, ಮಹಾಪ್ರಭು. ಅಂಥ ಮನೆ ಕೆಡವಿದರೆ ಪಾಪ ಬರುತ್ತದೆ."

"ಗೆದ್ದಲು ತಿಂದ ಮನೆ ಅಲ್ಲವೆ?" ಎಂದ ಓಬಳಯ್ಯ.

"ಯಾವ ಗೆದ್ದಲು? ಅಷ್ಟೂ ತೊಲೆ ಅಪ್ಪಟ ತೇಗ. ನಾನೇ ಉಗುರಲ್ಲಿ ಕೆರೆದು ನೋಡಿದ್ದೇನೆ."

"ಬಾವಿಯ ದೆವ್ವ?"

"ಕಬ್ಬಿನ ಹಾಲಿನಂಥ ನೀರು. ಬೇಸಿಗೆಯಲ್ಲೂ ಬತ್ತುವುದಿಲ್ಲ."

"ತೆಂಕಣ ಬಾಗಿಲು?"

"ಮೂಡಣಕ್ಕೆ ಇನ್ನೊಂದು ಬಾಗಿಲು ಇಟ್ಟರಾಯಿತು. ನನ್ನ ಹಿತ್ತಿಲಿಗೆ ಸೇರಿಸಿಕೊಂಡರಂತೂ..." ಎಂದವನು ನಾಲಿಗೆ ಕಚ್ಚಿಕೊಂಡ.

"ಅಷ್ಟು ಒಳ್ಳೆಯ ಮನೆಗೆ ಏನು ಬೆಲೆ ಬಂದೀತು?"

"ನೂರೈವತ್ತಕ್ಕೆ ಮೋಸವಿಲ್ಲ."

"ಕೇಳಿದಿರಾ, ಬುದ್ಧಿ? ಬೆಲೆ ಭಂಡಾರಿಗಳ ಬಾಯಿಂದಲೇ ಬಂತು. ಈಗ ಅಷ್ಟು ಕೊಡುವವರು ಒಬ್ಬರು ಬೇಕು. ಇಲ್ಲದಿದ್ದರೆ ಆನೆ."

ಸಾಂತಪ್ಪ ಕಿಟಕಿಯನ್ನು ನೆನೆದ, ಆನೆಯನ್ನು ನೆನೆದ. "ನಾನೇ ಕೊಡುತ್ತೇನೆ," ಎಂದ.

"ನಗದು?"

"ನಗದು." ಆ ದನಿ ಬಾವಿಯ ತಳದಿಂದ ಬಂದಂತಿತ್ತು.

ಮಧ್ಯಾಹ್ನದೊಳಗೆ ಸಾಂತಪ್ಪ ಹಣ ತಂದು ಎಣಿಸಿದ. ಮಾಳವ್ವ ನೂರು ವರಹವನ್ನು ಸೆರಗಿಗೆ ಕಟ್ಟಿಕೊಂಡಳು. ಸಾಂತಪ್ಪ ತರಿಸಿಟ್ಟಿದ್ದ ಮಲಾರದಿಂದ ಹನ್ನೆರಡು ಬಳೆ ಬಿಚ್ಚಿ, "ಮನೆಯಾಗೆ ಅಕ್ಕನಿಗೆ ಕೊಡಿ, ಸ್ವಾಮಿ," ಎಂದು ಓಬಳಯ್ಯನ ಕೈಗಿಟ್ಟು, ಕಣ್ಣೊರೆಸಿಕೊಳ್ಳುತ್ತ ಹೊಳೆದಂಡೆಗೆ ಹೊರಟಳು. ಮಿಕ್ಕ ಐವತ್ತನ್ನು ಓಬಳಯ್ಯ ಸೊಂಟಕ್ಕೆ ಸಿಕ್ಕಿಸಿಕೊಂಡ.

ದೊರೆ ನಕ್ಕೂ ನಕ್ಕೂ ಸುಸ್ತಾಗಿದ್ದ. "ಇಡೀ ಊರಿಗೆ ಕಾಣದ ಗಿರಾಕಿ ನಿನಗೆ ಹೇಗೆ ಕಂಡನಯ್ಯಾ?"

"ಬೇಡದ ಮನೆಯ ತೊಲೆಯನ್ನು ಯಾರು ಎಣಿಸುತ್ತಾರೆ, ಬುದ್ಧಿ? ಮನೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಹಳಿಯುವವರು ಯಾರು ಅಂತ ಹುಡುಕಿದೆ. ಮನಸ್ಸಿಟ್ಟವರು ಅವರೇ."

ದೊರೆ ತಾನು ಹೊದ್ದಿದ್ದ ಶಾಲನ್ನೇ ತೆಗೆದು ಅವನಿಗೆ ಹೊದಿಸಿದ. ಆದರೆ ಸುಮ್ಮನಿದ್ದರೆ ತಿಂದದ್ದು ಅರಗಬೇಕಲ್ಲ.

"ನೀನು ಜಾಣನೇ, ಓಬಳಯ್ಯ. ಆದರೆ ಆ ನಿನ್ನ ತೂಗುಮಣೆ ಮಾತ್ರ ದರಿದ್ರದ್ದು. ಬಲಗಡೆಯ ಹಿಂದಿನ ಕೊಂಡಿ ಕೂಡ ಸವೆದುಹೋಗಿದೆ."

ಓಬಳಯ್ಯ ಸಂಚಿಯಿಂದ ಒಂದು ವೀಳ್ಯ ತೆಗೆದು ದೊರೆಯ ಮುಂದೆ ಹಿಡಿದ.

"ಬೆಲೆ ತಾವೇ ಹೇಳಿಬಿಡಿ, ಬುದ್ಧಿ. ನಗದು ತಾನೆ?"