ಎದುರಿಗೆ ಹೇಳುವ ನಗೆ

ಹೊಳೆ ದಂಡೆಯ ಆ ಊರಿನಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ಹಾಲ್ ಇತ್ತು. ಭಾನುವಾರ ಸಂಜೆ ಗಿರಣಿ ನಿಂತ ಮೇಲೆ ಜನ ಅಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಂತು ಉಳಿದವರನ್ನು ನಗಿಸುತ್ತಿದ್ದರು.

ಹುಡುಗರು ಅದಕ್ಕೆ ಸ್ಟ್ಯಾಂಡ್-ಅಪ್ ಅನ್ನುತ್ತಿದ್ದರು.

ಅದನ್ನು ನಡೆಸುತ್ತಿದ್ದವರು ತುಳಸವ್ವ. ನಾಟಕ ಕಂಪನಿಗಳಲ್ಲಿ ಹಾಸ್ಯದ ಪಾತ್ರ ಮಾಡುತ್ತಲೇ ಕೂದಲು ಬೆಳ್ಳಗಾದವರು. ಕಂಪನಿಗಳು ಮುಚ್ಚಿದವು. ಅವರು ಬಾಯಿ ಮುಚ್ಚಲಿಲ್ಲ. ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿತ್ತು.

ಒಂದು ದಿನ ಮೊಬೈಲ್ ರಿಪೇರಿ ಮಾಡುವ ತರುಣನೊಬ್ಬ ಬಂದು ಕೈ ಮುಗಿದ.

“ಅಕ್ಕೋರ, ನನಗೂ ಕಲಿಸ್ರಿ.”

“ಹೆಸರೇನು?”

“ಯಮನೂರ.”

“ಹೆಸರಿನ ಮ್ಯಾಲೆ ಏನರೆ ಹೇಳು.”

ಅವನು ತಲೆ ಕೆರೆದುಕೊಂಡ.

“ಜೀವವಿಮಾದವರು ಫೋನ್ ಮಾಡ್ತಾರ್ರಿ. ‘ಹಾಂ, ಯಮನೂರ ಮಾತಾಡೋದು, ಹೇಳ್ರಿ’ ಅಂತೀನಿ. ಅವರ ಫೋನ್ ಇಟ್ಟಬಿಡ್ತಾರ.”

ಅಕ್ಕೋರು ನಗಲಿಲ್ಲ. ನಗು ತಡೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ರವಿವಾರ ಬಾ.”

ಯಮನೂರನಿಗೆ ಬೇಗನೆ ಚಪ್ಪಾಳೆಯ ರುಚಿ ಹತ್ತಿತು.

ಹಾಲ್‌ಗೆ ದಾವಲಸಾಬ ಎಂಬ ಟೇಲರ್ ತಪ್ಪದೆ ಬರುತ್ತಿದ್ದ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಅವನ ಮಾತು ಉಗ್ಗುತ್ತಿತ್ತು.

ಒಂದು ಸಂಜೆ ಯಮನೂರ ಅವನನ್ನೇ ಆಡಿ ತೋರಿಸಿದ. ದಾವಲಸಾಬ ಅಳತೆ ಪಟ್ಟಿ ಹಿಡಿಯುತ್ತಾನೆ. ಸೊಂಟದ ಅಳತೆ ಹೇಳಲು ಬಾಯಿ ತೆರೆಯುತ್ತಾನೆ. ಅವನು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿಯ ಹೊಟ್ಟೆ ಬೆಳೆದಿರುತ್ತದೆ.

ಜನ ಬಿದ್ದು ಬಿದ್ದು ನಕ್ಕರು.

ಎಲ್ಲರೂ ಇಳಿದುಹೋದ ಮೇಲೆ ಯಮನೂರ ಅಕ್ಕೋರ ಬಳಿ ಬಂದ. ಅವನ ಮುಖ ಇನ್ನೂ ಬೆಳಗುತ್ತಿತ್ತು.

“ನೋಡಿದ್ರಿ ಅಕ್ಕೋರ? ಎಲ್ಲಾರೂ ನಕ್ರು.”

“ದಾವಲ?”

ಯಮನೂರ ನೆನಪು ಮಾಡಿಕೊಂಡ. ಆಟದ ನಡುವೆಯೇ ಆ ಕುರ್ಚಿ ಖಾಲಿಯಾಗಿತ್ತು.

“ನಾಳೆ ಅವನ ಅಂಗಡಿಗೆ ಹೋಗು” ಎಂದರು ಅಕ್ಕೋರು. “ಇದನ್ನ ಅವನೊಬ್ಬನ ಮುಂದ ಮಾಡಿ ತೋರ್ಸು. ಮಂದಿ ಇರಬಾರದು.”

ಯಮನೂರ ಹೋದ. ದಾವಲಸಾಬ ಮಷಿನ್ ನಿಲ್ಲಿಸಿ ಸ್ಟೂಲ್ ಎಳೆದು ಕೊಟ್ಟ. ಚಹಾ ತರಿಸಿದ.

“ನಿನ್ನ ಹೆ-ಹೆಸರಿಂದು, ಆ ವಿಮಾದ್ದು, ಬಾಳ ಚಲೋ ಐತಿ” ಎಂದ. “ಮ-ಮನಿಯಾಗ ಹೇಳಿ ನಗಿಸೇನಿ.”

ಯಮನೂರ ಆಡಿ ತೋರಿಸಲು ಎದ್ದವನು ಮತ್ತೆ ಕುಳಿತ.

“ನಂದೂ ಒಂದೈತಿ. ಹೇ-ಹೇಳ್ಲೇನು?” ಎಂದ ದಾವಲಸಾಬ. “ಹೆಂಡತಿ ಜೋಡಿ ಜ-ಜಗಳ ಆಗತೈತಿ. ನಾ ಬೈದು ಮುಗಸೂದ್ರಾಗ ಆಕಿ ಅ-ಅಡಗಿ ಮುಗಿಸಿರ್ತಾಳ. ಉಂಡು ಸುಮ್ಮನಾಗ್ತೀನಿ.”

ಯಮನೂರನಿಗೆ ನಗು ಬಂತು. ಚಹಾದ ಕಪ್ಪು ಕೆಳಗಿಟ್ಟ. “ತಪ್ಪಾತ್ರಿ ಕಾಕಾ” ಎಂದು ಎದ್ದು ಬಂದ.

“ಮಾಡಿ ತೋರ್ಸಿದಿ?” ಎಂದು ಕೇಳಿದರು ಅಕ್ಕೋರು.

“ಬಾಯಿ ಬರಲಿಲ್ರಿ.”

“ಒಬ್ಬನ ಮುಂದ ಬರಲಾರದ ಬಾಯಿ ಅಷ್ಟು ಮಂದಿ ಮುಂದ ಹೆಂಗ ಬಂತು?”



ಮುಂದಿನ ಭಾನುವಾರ ಅವನು ತಾನು ನಿಲ್ಲಲಿಲ್ಲ. ದಾವಲಸಾಬನ ಕೈಗೆ ಮೈಕ್ ಕೊಟ್ಟ. ಹೆಂಡತಿಯ ಜಗಳವನ್ನು ದಾವಲಸಾಬ ತನ್ನ ಮಾತಿನಲ್ಲೇ ಹೇಳಿದ. ಅದೇ ಉಗ್ಗು, ಅದೇ ಜನ. ಈ ಸಲ ದಾವಲಸಾಬನೂ ನಗುತ್ತಿದ್ದ.

ಬೇಸಿಗೆ ಬಂತು. ಊರಿನ ನಳಗಳು ಒಣಗಿದವು.

ಅಕ್ಕೋರು ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಯಮನೂರ ಓಡೋಡಿ ಬಂದ.

“ಅಕ್ಕೋರ, ಹೊಸದೊಂದು ಮಾಡೇನಿ. ಕೇಳ್ರಿ. ನಮ್ಮೂರ ನೀರಿನ ಟಾಕಿ ಮೂರು ಸಲ ಉದ್ಘಾಟನೆ ಆಗೈತಿ. ಮೂರೂ ಸಲ ತೆಂಗಿನಕಾಯಿ ಒಡದಾರ. ಆ ಟಾಕಿ ಇಲ್ಲೀತನಕ ಕಂಡ ನೀರು ಅಂದ್ರ ಆ ಕಾಯಿಯೊಳಗಿನ ನೀರು ಅಷ್ಟ. ಅದಕ್ಕ ನಾ ಹೇಳೂದು, ಉದ್ಘಾಟನೆ ನಿಲ್ಲಸಬ್ಯಾಡ್ರಿ. ಹಿಂಗ ಒಡಕೋತ ಹೋದ್ರ ಒಂದಿನ ಟಾಕಿ ತುಂಬತೈತಿ.”

ಅಕ್ಕೋರ ಕೈ ನಿಂತಿತು.

“ಕಾಯಿ ಒಡದವರು ಯಾರು?”

“ಪುರಸಭೆ ಅಧ್ಯಕ್ಷರು. ಬಾಳನಗೌಡ್ರು.”

“ಅವರ ಮುಂದ ಹೇಳಿದೇನು?”

ಯಮನೂರ ನಕ್ಕ. ಅಕ್ಕೋರು ನಗಲಿಲ್ಲ.

“ಅಕ್ಕೋರ, ಅವರು ದೊಡ್ಡ ಮಂದಿ.”

“ದಾವಲ ಸಣ್ಣ ಮಂದಿ ಅಂತ ನಾ ನಿನ್ನ ಕಳಿಸಿದ್ನೇನು?”

ಬಾಳನಗೌಡರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಯಮನೂರ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತ.

“ಏನಪಾ?”

“ನಿಮ್ಮ ಮ್ಯಾಲೆ ಒಂದು ಜೋಕ್ ಮಾಡೇನ್ರಿ. ರವಿವಾರ ಗಿರಣಿ ಮ್ಯಾಲೆ ಹೇಳಾಂವ ಇದ್ದೇನಿ. ಮೊದಲ ನಿಮಗ ಹೇಳಬೇಕಂತ ಬಂದೆ.”

ಗೌಡರು ಪೇಪರ್ ಮಡಚಿದರು.

ಯಮನೂರ ಹೇಳಿದ. ಮೊದಲ ಕಾಯಿ ಒಡೆಯುವಾಗ ಧ್ವನಿ ಒಡೆಯಿತು. ಮೂರನೆಯದಕ್ಕೆ ಸರಿಹೋಯಿತು. ಟಾಕಿ ತುಂಬಿಸಿಯೇ ನಿಲ್ಲಿಸಿದ.

ಗೌಡರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಒಳಮನೆಯಿಂದ ಕಿಲಕಿಲ ನಗೆ ಕೇಳಿತು. ಗೌಡರ ತಾಯಿ ಬಾಗಿಲಿಗೆ ಬಂದಿದ್ದರು.

“ಲೇ ಬಾಳ್ಯಾ, ಖರೇನ ಹೇಳ್ತಾನಲ್ಲೋ! ನಳ ಬಂದು ಎಷ್ಟ ದಿನಾ ಆತು?”

“ಅವ್ವಾ, ನೀ ಒಳಗ ನಡಿ.”

ಗೌಡರು ಯಮನೂರನ ಕಡೆ ತಿರುಗಿದರು. ಮಾತು ಮೆಲ್ಲಗಿತ್ತು.

“ರವಿವಾರ ಹೇಳಪಾ. ಗಿರಣಿ ಮ್ಯಾಲಿನ ಹಾಲ್ ತೆರದಿದ್ರ ಹೇಳು.”

ಅಕ್ಕೋರು ಇನ್ನೂ ಹೊಳೆಯ ಮೆಟ್ಟಿಲ ಮೇಲೆಯೇ ಇದ್ದರು.

“ನಕ್ರೇನು?”

“ಇಲ್ರಿ. ಅವರವ್ವ ನಕ್ಳು.”

“ನಿನಗ ಬಾಯಿ?”

“ಬಂತ್ರಿ.”

ಅಕ್ಕೋರು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಸುಲಿದ ಶೇಂಗಾದಲ್ಲಿ ಅರ್ಧ ಅವನ ಬೊಗಸೆಗೆ ಸುರಿದರು.

ಯಮನೂರ ಶೇಂಗಾವನ್ನು ಬೊಗಸೆಯಲ್ಲೇ ಹಿಡಿದು ನಿಂತ.

“ಅಕ್ಕೋರ, ಹಾಲ್‌ಗೆ ಕೀಲಿ ಹಾಕಸ್ತಾರ. ಅದು ನನ್ನೊಬ್ಬನ ಜಾಗ ಅಲ್ಲ. ಈ ಜೋಕ್ ಬಿಟ್ಟಬಿಡ್ಲೇನ್ರಿ?”

“ನನ್ನ ಯಾಕ ಕೇಳ್ತಿ? ಅಲ್ಲಿ ನಿಲ್ಲಾವರನ್ನ ಕೇಳು.”

ಅವನು ಎಲ್ಲರನ್ನೂ ಕೇಳಿದ. ದಾವಲಸಾಬ “ಹೇ-ಹೇಳು” ಎಂದ, ಅಷ್ಟೇ. ನರ್ಸಿಂಗ್ ಓದುವ ಕಸ್ತೂರಿ ತಿರುಗಿ ಅವನನ್ನೇ ಕೇಳಿದಳು:

“ಇವತ್ತ ನೀ ಇದನ್ನ ಬಿಟ್ಟರ, ನಾಳೆ ನಾ ಏನ್ ಬಿಡಬೇಕಾಗತೈತಿ?”

ಭಾನುವಾರ ಸಂಜೆ ಹಾಲ್‌ಗೆ ಕೀಲಿ ಬಿದ್ದಿತ್ತು. ಜನ ಗಿರಣಿ ಮೆಟ್ಟಿಲ ತುಂಬ ನಿಂತಿದ್ದರು. ಗಿರಣಿಯ ಮಾಲೀಕ ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಅಕ್ಕೋರ ಮುಂದೆ ಬಂದ.

“ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ಗಿರಣಿ ಲೈಸೆನ್ಸ್ ಪುರಸಭೆ ಕೈಯಾಗೈತಿ.”

“ನಿಂದೇನೂ ತಪ್ಪಿಲ್ಲ” ಎಂದರು ಅಕ್ಕೋರು. “ನೀನೂ ಬಾ.”

“ಎಲ್ಲಿಗ್ರಿ?”

ಅಕ್ಕೋರು ಆಗಲೇ ನಡೆಯತೊಡಗಿದ್ದರು. ಜನ ಹಿಂದೆ ಹಿಂದೆ ಹೊಳೆಯವರೆಗೆ ನಡೆದರು. ಬಿಸಿಲು ಇನ್ನೂ ನೀರಿನ ಮೇಲಿತ್ತು. ಎಲ್ಲರೂ ಮೆಟ್ಟಿಲುಗಳ ಮೇಲೆ ಕೂತರು. ಹಾಲ್ ಹಿಡಿಯುವುದಕ್ಕಿಂತ ಹೆಚ್ಚು ಜನ ಇದ್ದರು.

ಯಮನೂರ ಕೆಳಗಿಳಿದು ನೀರಿನ ಅಂಚಿನಲ್ಲಿ ನಿಂತ.

“ಅಕ್ಕೋರ, ಮೈಕ್ ಇಲ್ರಿ.”

ಅಕ್ಕೋರು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಹತ್ತಿ ಕೂತರು.

“ನನಗ ಒಂದ ಕಿವಿ ಕೇಳಂಗಿಲ್ಲ” ಎಂದು ಅಲ್ಲಿಂದ ಕೂಗಿದರು. “ನನಗ ಕೇಳೂಹಂಗ ಹೇಳು.”

ಯಮನೂರ ಉಸಿರೆಳೆದುಕೊಂಡ. ಅಷ್ಟರಲ್ಲಿ ದಂಡೆಯ ಮೇಲೆ ಆಟೊ ಒಂದು ನಿಂತಿತು. ಗೌಡರ ತಾಯಿ ಇಳಿದರು. ಸೊಂಟದ ಮೇಲೆ ಖಾಲಿ ಕೊಡ ಇತ್ತು. ಜನ ಸರಿದು ದಾರಿ ಬಿಟ್ಟರು. ಅವರು ಮುಂದಿನ ಮೆಟ್ಟಿಲಿಗೆ ಬಂದು ಕೊಡ ಇಳಿಸಿ ಕೂತರು.

“ಮನಿಯಾಗ ನೀರಿಗೆ ಹೊಂಟೇನಿ ಅಂತ ಹೇಳಿ ಬಂದೇನಿ. ಲಗೂ ಹೇಳು.”

ಯಮನೂರ ಬಾಯಿ ತೆರೆಯುವ ಮೊದಲೇ ಮೆಟ್ಟಿಲುಗಳೆಲ್ಲ ನಗತೊಡಗಿದವು.

ಅವನು ಕಾದ. ನಗೆ ಇಳಿಯಿತು. ಆಮೇಲೆ ಹೇಳಿದ. ಮೊದಲ ಕಾಯಿ ಒಡೆದ. ಎರಡನೆಯದು ಒಡೆದ. ಮೂರನೆಯದನ್ನು ಒಡೆಯುವಾಗ ಅವನ ಧ್ವನಿ ಆಚೆ ದಂಡೆಗೆ ಹೋಗಿ ಮುಟ್ಟಿತು. ಅಲ್ಲಿ ದನ ನೀರಿಗೆ ಬಿಟ್ಟವರು ತಿರುಗಿ ನೋಡಿದರು. ಟಾಕಿ ತುಂಬುವ ಮಾತಿಗೆ ಗೌಡರ ತಾಯಿ ಕೊಡವನ್ನು ಬಡಿದು ಬಡಿದು ನಕ್ಕರು. ಗಿರಣಿಯ ಮಾಲೀಕನ ಹುಬ್ಬಿನಿಂದ ಹಿಟ್ಟು ಉದುರಿತು.

ಕಸ್ತೂರಿ ಅವನ ನಂತರ ನಿಂತಳು. ಅವಳ ನಂತರ ದಾವಲಸಾಬ ನಿಂತ. ಯಾರಿಗೂ ಮೈಕ್ ಬೇಕಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಜನ ಎದ್ದರು. ಯಮನೂರ ಗೌಡರ ತಾಯಿಯ ಕೊಡ ತುಂಬಿಸಿ ಆಟೊದಲ್ಲಿ ಇಟ್ಟು ಬಂದ. ಮೆಟ್ಟಿಲ ಮೇಲೆ ಅಕ್ಕೋರು ಒಬ್ಬರೇ ಉಳಿದಿದ್ದರು.

“ಅಕ್ಕೋರ, ಆ ಹಾಲ್ ಇನ್ನ ಸಿಗಂಗಿಲ್ರಿ.”

“ಹೂಂ.”

“ಮಳಿಗಾಲಕ್ಕ ಹೊಳಿ ಏರಿ ಈ ಮೆಟ್ಟಲೂ ಮುಳಗತಾವ.”

“ಹೂಂ.”

“ಮತ್ತ ನಾ ಎಲ್ಲಿ ನಿಂದರ್ಲಿ?”

ಅಕ್ಕೋರು ಅವನ ಹೆಗಲಿಗೆ ಕೈ ಕೊಟ್ಟು ಎದ್ದರು.

“ನೀ ನಿಂತಲ್ಲೆ ಮಂದಿ ಬಂದು ಕುಂಡ್ರತಾರ.”