ಗದ್ದದ ಮೇಲಿನ ಹಚ್ಚೆ

ಹೊಳೆ ದಂಡೆಯ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ನೆರೆ ಇಳಿದ ಮೇಲೆ ಊರವರು ತಮ್ಮ ತೊಯ್ದ ಫೋಟೋಗಳನ್ನೆಲ್ಲ ಅವರ ಬಳಿ ತಂದರು.

ಕಾಗದ ಮೆತ್ತಗಾಗಿತ್ತು. ಒಮ್ಮೆ ಸ್ಕ್ಯಾನ್ ಮಾಡುವಷ್ಟರಲ್ಲಿ ಮುದ್ದೆಯಾಗುತ್ತಿತ್ತು. ಕಂಪ್ಯೂಟರಿನಲ್ಲಿ ಉಳಿದದ್ದಷ್ಟೇ ಉಳಿದದ್ದು.

ಗುರುಗಳು ದಿನಕ್ಕೆ ಎರಡೇ ಫೋಟೋ ಸರಿಮಾಡುತ್ತಿದ್ದರು. ಅದೂ ಆ ಫೋಟೋದ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಶಿಷ್ಯ ಚನ್ನವೀರನಿಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು.

"ಅಪ್ಪಾರ, ಎಲ್ಲಾದಕ್ಕೂ ಅದೇ ಕೆಲಸ. ಬೆಳಕು ಹೆಚ್ಚಿಸೋದು, ನೀರಿನ ಕಪ್ಪು ಕಲಿ ತಗಿಯೋದು, ಸೇವ್ ಮಾಡೋದು. ಒಮ್ಮೆ ಮಾಡಿ ತೋರಿಸಿದ್ರ ಉಳಿದದ್ದೆಲ್ಲಾ ಕಂಪ್ಯೂಟರ ತಾನ ಮಾಡ್ತೈತಿ."

"ಏನು ಮಾಡಬೇಕು ಅನ್ನೋದು ತೋರಿಸ್ತಿ. ಏನು ಮಾಡಬಾರದು ಅನ್ನೋದು?"

ಚನ್ನವೀರ ನಕ್ಕ. ಗುರುಗಳು ಸ್ನಾನಕ್ಕೆ ಹೊಳೆಗೆ ಹೋದಾಗ ಕಂಪ್ಯೂಟರಿಗೆ ಒಂದು ಫೋಟೋ ಸರಿಮಾಡಿ ತೋರಿಸಿ, ಉಳಿದದ್ದಕ್ಕೆಲ್ಲ ಗುಂಡಿ ಒತ್ತಿದ. ಅವರು ಬರುವಷ್ಟರಲ್ಲಿ ನೂರಾರು ಫೋಟೋ ಮುಗಿದಿದ್ದವು. ಮೂಲ ಪ್ರತಿಗಳನ್ನು ಬೇರೆ ಇಡಬೇಕೆಂಬುದು ಆತುರದಲ್ಲಿ ಮರೆತೇಹೋಗಿತ್ತು. ಹಳೆಯವು ಅಳಿಸಿಹೋಗಿ ಅವುಗಳ ಜಾಗದಲ್ಲಿ ಹೊಸವು ಕೂತಿದ್ದವು.

ಮರುದಿನ ನೀಲವ್ವ ಬಂದಳು. ತೀರಿಹೋದ ಮಗಳು ಚಂಪಾಳದು ಅವಳ ಹತ್ತಿರ ಇದ್ದದ್ದು ಅದೊಂದೇ ಫೋಟೋ.

ಪರದೆಯ ಮೇಲೆ ಅದನ್ನು ಬಹಳ ಹೊತ್ತು ನೋಡಿದಳು.

"ಚಂದ ಐತಿ. ಆದ್ರ ಇಕಿ ನನ್ನ ಚಂಪಾ ಅಲ್ಲೋ ಯಪ್ಪಾ. ಗದ್ದದ ಮ್ಯಾಲಿನ ಹಚ್ಚಿ ಎಲ್ಲೈತಿ?"

ನೀರಿನ ಕಲೆಯೂ ಕಪ್ಪು, ಹಚ್ಚೆಯೂ ಕಪ್ಪು. ಕಂಪ್ಯೂಟರು ಎರಡನ್ನೂ ಒರೆಸಿತ್ತು.

ಗುರುಗಳು ಬೈಯಲಿಲ್ಲ. ಶಿಷ್ಯನ ಪಕ್ಕದಲ್ಲಿ ಚಾಪೆ ಹಾಸಿ ನೀಲವ್ವನನ್ನು ಕೂರಿಸಿದರು.

"ಎಲ್ಲಿತ್ತು ಯವ್ವಾ?" ಚನ್ನವೀರ ಕೇಳಿದ.

ಅವಳು ಅವನ ಗದ್ದಕ್ಕೇ ಬೆರಳಿಟ್ಟಳು. "ಇಲ್ಲಿ. ಸ್ವಲ್ಪ ಎಡಕ್ಕ. ಹಾಕಸ್ಕೊಳ್ಳುವಾಗ ನನ್ನ ತೊಡಿ ಮ್ಯಾಲ ಕೂತು ಮಿಸುಕಾಡಿದ್ಲು, ಅದಕ್ಕ ಸೊಟ್ಟ ಆತು."

ಅವನ ಕಣ್ಣು ತುಂಬಿ ಪರದೆ ಮಂಜಾಯಿತು. ಚುಕ್ಕೆ ಇಟ್ಟ, ಅಳಿಸಿದ, ಮತ್ತೆ ಇಟ್ಟ. ನಾಲ್ಕನೆಯ ಸಲಕ್ಕೆ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂಂ, ಈಗ ಬಂದ್ಲು."

ಅವಳು ಹೋದ ಮೇಲೆ ಚನ್ನವೀರ ಗುರುಗಳ ಕಾಲು ಹಿಡಿದ. "ಆ ಗುಂಡಿ ತಗದಬಿಡ್ತೀನ್ರಿ ಅಪ್ಪಾರ."

"ಅದೇನು ಮಾಡೇತಿ ಪಾಪ? ನೀ ಹೇಳಿದ್ದನ್ನ ಮಾಡೇತಿ."

ಗುರುಗಳು ಗೂಟಕ್ಕೆ ತೂಗುಹಾಕಿದ್ದ ಭಿಕ್ಷೆಯ ಜೋಳಿಗೆ ತೆಗೆದು ಅವನ ಹೆಗಲಿಗೆ ಹಾಕಿದರು.

"ಊರಾಗ ನೀಲವ್ವನಂಥವರ ಮನಿ ಇನ್ನೂ ಭಾಳ ಅದಾವು. ಹೋಗು, ಒಂದೊಂದ ಮುಖ ಬೇಡ್ಕೊಂಡು ಬಾ."