ಕೆಂಪು ಪಂಪಿನ ಪೆಟ್ರೋಲ್

“ಅಜ್ಜಾರೇ, ದಿನಾ ಓಡಿಸುವ ಕಾರಿಗೆ ಎಲ್ಲಕ್ಕಿಂತ ಒಳ್ಳೆಯ ಪೆಟ್ರೋಲ್ ಯಾವುದು?”

ಮಠದ ಕಟ್ಟೆಯ ಮೇಲೆ ಕುಳಿತಿದ್ದ ಗುರುಗಳನ್ನು ಶಿಷ್ಯೆ ನೀಲಾಂಬಿಕೆ ಒಂದು ಸಂಜೆ ಹೀಗೆ ಕೇಳಿದಳು. ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವುದು ಅವಳ ಕೆಲಸ. ಬಟ್ಟೆಯ ಗಂಟುಗಳನ್ನು ಬಸ್ಸಿನಲ್ಲಿ ಹೊತ್ತು ಹೊತ್ತು, ಆ ವಾರವಷ್ಟೇ ಒಂದು ಹಳೆಯ ಸಣ್ಣ ಕಾರು ಕೊಂಡಿದ್ದಳು.

ಗುರುಗಳು ಹೇಳಿದರು: “ಮಠಕ್ಕೆ ಬಂದು ಪೆಟ್ರೋಲ್ ಕೇಳುತ್ತೀಯಲ್ಲ ತಂಗಿ. ಇದಕ್ಕೆ ಮೊದಲು ಯಾರೋ ಏನೋ ಅಂದಿರಬೇಕು.”

“ನಮ್ಮ ಭಾವ ಅಂದರು. ಕೊಳ್ಳುವುದು ಯಾರಿಗಾದರೂ ಬರುತ್ತದೆ, ಸಾಕುವುದು ನಿನ್ನ ಕೈಲಾಗದು, ಆರು ತಿಂಗಳಿಗೆ ಅದರ ಮೇಲೆ ಕುಂಬಳಬಳ್ಳಿ ಹಬ್ಬುತ್ತದೆ ಅಂದರು. ಅದಕ್ಕೇ ಕೇಳಿದೆ. ಹಾಕಿದರೆ ಒಳ್ಳೆಯದನ್ನೇ ಹಾಕಬೇಕು ಅಂತ.”

ಗುರುಗಳು ಕಣ್ಣು ಮುಚ್ಚಿಕೊಂಡರು. ನೆನಪಿಸಿಕೊಳ್ಳುತ್ತಿದ್ದಾರೋ ಕಾಣುತ್ತಿದ್ದಾರೋ ತಿಳಿಯದ ಹಾಗೆ, ನಿಧಾನವಾಗಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೊಟ್ಟಿಯವಳಿದ್ದಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಬದುಕು ಕಟ್ಟಿಕೊಂಡಳು. ಶಾಲೆಗೆ ಹೋದವಳಲ್ಲ. ರೊಟ್ಟಿ ಸುತ್ತಿಕೊಡುವ ಹಳೆಯ ಪತ್ರಿಕೆಗಳಲ್ಲಿ ಅಕ್ಷರ ಕಲಿತಳು. ಮೊದಲು ದೊಡ್ಡ ಅಕ್ಷರ, ಆಮೇಲೆ ಸಣ್ಣ ಅಕ್ಷರ. ಎಷ್ಟೋ ಸುದ್ದಿಗಳ ಕೊನೆ ಅವಳಿಗೆ ತಿಳಿಯಲೇ ಇಲ್ಲ. ಓದಿ ಮುಗಿಸುವ ಮೊದಲೇ ಆ ಹಾಳೆ ರೊಟ್ಟಿಯ ಜತೆ ಯಾರದೋ ಮನೆಗೆ ಹೋಗಿರುತ್ತಿತ್ತು.

ಹಿಟ್ಟಿನ ಗುಣ ಅವಳ ಕೈಗೆ ಗೊತ್ತಿತ್ತು. ಬೀಸಿ ಬಹಳ ದಿನ ಇಟ್ಟ ಹಿಟ್ಟಿನಲ್ಲಿ ಜಿಗುಟು ಇರುವುದಿಲ್ಲ. ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಅದಕ್ಕಾಗಿ ಎರಡು ದಿನಕ್ಕೊಮ್ಮೆ ಜೋಳ ಹೊತ್ತು ಗಿರಣಿಗೆ ಹೋಗುತ್ತಿದ್ದಳು. ಊರಿನ ಒಬ್ಬ ವ್ಯಾಪಾರಿ ಹೊಳೆಯುವ ಪೊಟ್ಟಣದಲ್ಲಿ ದುಬಾರಿ ಹಿಟ್ಟು ಮಾರುತ್ತಿದ್ದ. ಒಮ್ಮೆ ಅವಳಿಗೂ ತೋರಿಸಿದ. ಅವಳು ಚಿಟಿಕೆ ಹಿಟ್ಟಿಗೆ ನಾಲ್ಕು ಹನಿ ನೀರು ಹಾಕಿ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

“ಇದು ನಿಂತ ಹಿಟ್ಟು ಸಾವುಕಾರ್ರೇ. ನಿಮ್ಮ ಮನೆಗೇ ಇರಲಿ.”

ಅಂಗಡಿಯಲ್ಲಿದ್ದವರು ನಕ್ಕರು. ವ್ಯಾಪಾರಿ ಆ ನಗುವನ್ನು ಮರೆಯಲಿಲ್ಲ.

ಹದಿನೆಂಟು ಕಿಲೋಮೀಟರ್ ಆಚೆ ಒಂದು ಪಟ್ಟಣ. ಅಲ್ಲಿ ನೂರಾ ನಲವತ್ತು ಹುಡುಗಿಯರ ಒಂದು ಹಾಸ್ಟೆಲ್. ಅಲ್ಲಿಗೆ ರೊಟ್ಟಿ ಕಳಿಸುವ ಕೆಲಸ ಮೊದಲು ವ್ಯಾಪಾರಿಯದಾಗಿತ್ತು. ಅವನ ರೊಟ್ಟಿ ಹುಡುಗಿಯರಿಗೆ ಹಿಡಿಸಲಿಲ್ಲ. ಕೆಲಸ ರೊಟ್ಟಿಯವಳಿಗೆ ಬಂತು. ಹಾಸ್ಟೆಲ್ ನೋಡಿಕೊಳ್ಳುವ ಮೇಡಂ ಒಂದೇ ಮಾತು ಹೇಳಿದ್ದರು: ರೊಟ್ಟಿ ಮೆತ್ತಗಿರಬೇಕು, ಹನ್ನೆರಡರ ಒಳಗೆ ಬರಬೇಕು. ಹನ್ನೊಂದರ ಬಸ್ಸು ಮಾತ್ರ ಹನ್ನೊಂದಕ್ಕೆ ಬರುತ್ತಿರಲಿಲ್ಲ. ರೊಟ್ಟಿಯವಳು ಕೂಡಿಟ್ಟದ್ದನ್ನೆಲ್ಲ ತೆಗೆದು ಒಂದು ಸಣ್ಣ ಕಾರು ಕೊಂಡಳು. ಓಡಿಸುವುದನ್ನೂ ಕಲಿತಳು.

ವ್ಯಾಪಾರಿ ತನ್ನ ಅಂಗಡಿಯ ಮುಂದೆ ಅವಳ ಕಾರು ತಡೆದು ಕೇಳಿದ: “ಹಿಟ್ಟು ಮುಟ್ಟಿ ನೋಡಿದ ಹಾಗಲ್ಲ ಯವ್ವಾ, ಕಾರು ಸಾಕುವುದು. ಏನು ಹಾಕುತ್ತೀ ಅದಕ್ಕೆ, ಜೋಳದ ಅಂಬಲಿಯೇ?”

ಅವಳು ಮನೆಗೆ ಹೋಗಿ ಕಾರಿನ ಜತೆ ಬಂದ ಪುಸ್ತಕ ತೆರೆದಳು. ಅದರಲ್ಲಿ ಎಲ್ಲವನ್ನೂ ಬರೆದಿದ್ದರು. ಚಕ್ರಕ್ಕೆ ಎಷ್ಟು ಗಾಳಿ, ದೀಪಕ್ಕೆ ಯಾವ ಬಲ್ಬು, ಟ್ಯಾಂಕಿಗೆ ಯಾವ ಪೆಟ್ರೋಲ್. ಬೆರಳಿಟ್ಟು ಓದಿದಳು. ಈ ಕಾರಿಗೆ ಸಾಧಾರಣ ಪೆಟ್ರೋಲ್ ಸಾಕು ಎಂದಿತ್ತು.

ಅವಳಿಗೆ ಆ ಸಾಲು ಹಿಡಿಸಲಿಲ್ಲ. ಮದುವೆಯಲ್ಲಿ ಅವಳಿಗೆ ಈ ಸೀರೆ ಸಾಕು ಎಂದಿದ್ದರು. ಪಾಲು ಮಾಡುವಾಗ ಈ ಕೋಣೆ ಸಾಕು ಎಂದಿದ್ದರು. ಹುಡುಗಿಗೆ ಓದು ಯಾಕೆ, ಸಾಕು ಎಂದಿದ್ದರು. ಈಗ ತನ್ನ ದುಡಿಮೆಯ ಕಾರಿಗೂ ಅದೇ ಮಾತು. ಅವಳು ಪುಸ್ತಕವನ್ನು ಮುಚ್ಚಿ ಜೋಳದ ಚೀಲದ ಕೆಳಗೆ ಇಟ್ಟಳು.

ಊರಿನ ಹೊರಗೆ ಒಂದು ಪೆಟ್ರೋಲ್ ಬಂಕ್ ಇತ್ತು. ಅಲ್ಲಿ ಎರಡು ಪಂಪು. ಹಸಿರು ಪಂಪಿನ ಮುಂದೆ ಆಟೋಗಳು, ಬೈಕುಗಳು, ಹಾಲಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕೆಂಪು ಪಂಪಿನ ಮುಂದೆ ಯಾರೂ ಇರುತ್ತಿರಲಿಲ್ಲ. ಅಪರೂಪಕ್ಕೆ ವ್ಯಾಪಾರಿಯ ದೊಡ್ಡ ಕಾರು ಅಲ್ಲಿ ನಿಲ್ಲುತ್ತಿತ್ತು. ಅದು ದುಬಾರಿ ಪೆಟ್ರೋಲ್. ಅದರ ಫಲಕದಲ್ಲಿ ಒಂದು ಕುದುರೆ ಓಡುತ್ತಿತ್ತು.

ರೊಟ್ಟಿಯವಳು ಕಾರನ್ನು ಕೆಂಪು ಪಂಪಿಗೆ ತಂದಳು.

ಬಂಕಿನವನು ಹೇಳಿದ: “ಅಕ್ಕಾರೇ, ನಿಮ್ಮ ಗಾಡಿಗೆ ಆ ಕಡೆಯದೇ ನಡೀತದ. ಸಾಲಿಗೆ ಬರ್ರಿ.”

“ಸಾಲಿನಲ್ಲಿ ನಿಂತು ನಿಂತೇ ಅರ್ಧ ಆಯುಷ್ಯ ಹೋಯಿತಪ್ಪ. ಇದನ್ನೇ ಹಾಕು.”

ಅವನು ಹಾಕಿದ.

ಅಂದು ರಸ್ತೆ ಬೇರೆಯೇ ಆಗಿತ್ತು. ಕಾರು ನೆಲಕ್ಕೆ ತಾಗದೆ ಹೋಗುತ್ತಿರುವಂತೆ ಅವಳಿಗೆ ಅನ್ನಿಸಿತು. ಎರಡೂ ಕಡೆ ಎರೆಹೊಲ. ದೂರದಲ್ಲಿ ಗಾಳಿಯಂತ್ರಗಳು ಸದ್ದಿಲ್ಲದೆ ಸುತ್ತುತ್ತಿದ್ದವು, ಯಾರೋ ನಿದ್ದೆಯಲ್ಲಿ ಕೈ ಬೀಸುವ ಹಾಗೆ. ಹಿಂದಿನ ಸೀಟಿನಲ್ಲಿ ಬಟ್ಟೆ ಹೊದ್ದ ಬುಟ್ಟಿಗಳಿಂದ ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ಎಂಜಿನ್ನಿನ ಸದ್ದು ಮೊದಲಿಗಿಂತ ನುಣುಪಾಯಿತು ಎಂದುಕೊಂಡಳು. ಸದ್ದು ಮೊದಲಿನದೇ ಆಗಿತ್ತು. ಹೊತ್ತೂ ಮೊದಲಿನಷ್ಟೇ ಹಿಡಿಯಿತು. ಆದರೆ ಅವಳು ಗಡಿಯಾರ ನೋಡಲಿಲ್ಲ. ಅವಳ ಕಣ್ಣ ಮುಂದೆ ಆ ಕುದುರೆ ಓಡುತ್ತಿತ್ತು.

ಹೀಗೆ ದಿನಗಳು ಹೋದವು. ಪ್ರತಿದಿನ ಹದಿನೆಂಟು ಕಿಲೋಮೀಟರ್ ಅವಳು ಎಚ್ಚರವಿದ್ದೂ ಕನಸಿನಲ್ಲಿರುತ್ತಿದ್ದಳು. ಕನಸು ಕಾಣಲು ಅವಳಿಗೆ ಬೇರೆ ಹೊತ್ತಿರಲಿಲ್ಲ. ಕೆಂಪು ಪಂಪಿನ ಬಳಿ ವ್ಯಾಪಾರಿ ಎದುರಾದರೆ ಅವಳು ಕಾರಿನಿಂದ ಇಳಿಯದೆ ಕುಳಿತೇ ಇರುತ್ತಿದ್ದಳು. ಅದೊಂದು ಸುಖ.

ಹಿಂಗಾರು ಮಳೆ ಶುರುವಾಯಿತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಹಾಸ್ಟೆಲಿನ ಹುಡುಗಿಯರಿಗೆ ಪರೀಕ್ಷೆ. ಊಟ ಮಾಡಿ ಹನ್ನೆರಡೂವರೆಗೆ ಹೊರಡಬೇಕು. ಮೇಡಂ ಹಿಂದಿನ ದಿನವೇ ನೆನಪು ಮಾಡಿದ್ದರು. ರೊಟ್ಟಿಯವಳು ಬೇಗ ಎದ್ದು ಬೇಗ ಬಡಿದು ಬೇಗ ಹೊರಟಳು. ದಾರಿಯಲ್ಲಿ ಕೆಂಪು ಪಂಪಿನಲ್ಲಿ ಪೆಟ್ರೋಲ್ ಹಾಕಿಸಿದಳು.

ಅರ್ಧ ದಾರಿಯಲ್ಲಿ ಕಾರು ಕೆಮ್ಮಿತು. ಒಮ್ಮೆ ಜಗ್ಗಿತು, ಮತ್ತೆ ಜಗ್ಗಿತು. ಆಮೇಲೆ ನಿಂತುಬಿಟ್ಟಿತು.

ಮಳೆ ಸುತ್ತಲೂ ಪರದೆಯ ಹಾಗೆ ಇಳಿದಿತ್ತು. ಗಾಳಿಯಂತ್ರಗಳು ಕಾಣುತ್ತಿರಲಿಲ್ಲ. ಅವಳು ಕೀಲಿ ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿದಳು. ತನ್ನನ್ನು ಬೇರೆಯವರ ಕನಸಿನೊಳಗೆ ಕೂಡಿಹಾಕಿದ ಹಾಗಿತ್ತು. ಹನ್ನೊಂದೂವರೆಗೆ ಅವಳ ಫೋನು ರಿಂಗಾಯಿತು. ಹಾಸ್ಟೆಲಿನ ಅಡುಗೆಯವಳು.

“ಅಕ್ಕಾ, ಎಲ್ಲಿದ್ದೀರಿ? ಪಲ್ಯ ಆಗ್ಯದ. ಮಳಿ ಜೋರದ ಅಂತ ಕೇಳಿದೆ. ಒಂದಿಷ್ಟು ಅನ್ನಕ್ಕಾದರೂ ಇಡಲೇನು?”

ಕಾರು ನಿಂತಿದೆ ಎಂಬ ಮಾತು ಅವಳ ನಾಲಗೆಯವರೆಗೆ ಬಂತು. ಆ ಮಾತು ಅಡುಗೆಯವಳಿಂದ ಮೇಡಮ್ಮಿಗೆ, ಮೇಡಮ್ಮಿನಿಂದ ಪಟ್ಟಣಕ್ಕೆ, ಪಟ್ಟಣದಿಂದ ವ್ಯಾಪಾರಿಯ ಅಂಗಡಿಗೆ ಹೋಗುವುದು ಅವಳಿಗೆ ಕಂಡಿತು. ಅಂಗಡಿಯಲ್ಲಿದ್ದವರು ನಗುವುದೂ ಕೇಳಿಸಿತು.

“ಬೇಡ ಬೇಡ. ಇಲ್ಲೇ ಇದ್ದೇನೆ, ಬಂದೆ” ಎಂದಳು.

ಕಾರು ಈಗ ಹೊರಡುತ್ತದೆ ಎಂದು ಅವಳು ನಂಬಿದ್ದಳು. ಅಂಥ ಪೆಟ್ರೋಲ್ ಕುಡಿದ ಕಾರು ಹೇಗೆ ನಿಂತೀತು? ಇನ್ನೊಂದು ಸಲ ಕೀಲಿ ತಿರುಗಿಸಿದಳು.

ಒಂದು ಗಂಟೆಗೆ ಒಬ್ಬ ಆಟೋದವನು ಬಂದ. ನಿಲ್ಲಿಸಿ, ಟೋಪಿಯ ಹಾಗೆ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಇಳಿದ. ಕಾರಿನ ಒಂದು ಸಣ್ಣ ಕೊಳವೆ ಬಿಚ್ಚಿ, ನೀರಿನ ಖಾಲಿ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಇಳಿಸಿದ. ಬಾಟಲಿಯನ್ನು ಅಲುಗಿಸದೆ ಹಿಡಿದು ನಿಂತ. ನೋಡನೋಡುತ್ತ ಅದರ ನಡುವೆ ಒಂದು ಗೆರೆ ಮೂಡಿತು. ಮೇಲೆ ಪೆಟ್ರೋಲ್, ಕೆಳಗೆ ನೀರು.

“ಎಲ್ಲಿ ಹಾಕಿಸಿದ್ದು ಅಕ್ಕಾರೇ?”

“ಕೆಂಪು ಪಂಪಿನಲ್ಲಿ. ದುಬಾರಿಯದೇ ಹಾಕಿಸಿದ್ದು.”

“ದುಬಾರಿಯದಕ್ಕೆ ಮಳೆ ಹೆದರತದೇನು? ಆ ಪಂಪಿಗೆ ವಾರಕ್ಕೆ ನಾಲ್ಕು ಮಂದಿ ಬಂದರೆ ಹೆಚ್ಚು. ಎಂದೋ ತುಂಬಿಸಿದ್ದು ನೆಲದೊಳಗಿನ ಟ್ಯಾಂಕಿನಾಗ ಹಾಗೇ ಕೂತಿರತದ. ಮುಚ್ಚಳದ ಸಂದಿನಾಗ ನೀರು ಇಳಿದರೂ ಯಾರೂ ನೋಡಂಗಿಲ್ಲ. ಹಸಿರು ಪಂಪು ದಿನಾ ಖಾಲಿ ಆಗತದ, ದಿನಾ ತುಂಬತದ. ದಿನಾ ಕೋಲು ಇಳಿಸಿ ನೀರು ಬಂದದೇನು ಅಂತ ನೋಡ್ತಾರ. ನಾವು ಸಾಲಿನಾಗ ನಿಲ್ಲೋದು ಹುಚ್ಚಿಗೇನು?”

ರೊಟ್ಟಿಯವಳು ಬಾಟಲಿ ನೋಡುತ್ತಿದ್ದಳು. ಅವಳ ಹೆಬ್ಬೆರಳು ತಾನಾಗಿ ತೋರುಬೆರಳಿನ ಮೇಲೆ ತಿಕ್ಕುತ್ತಿತ್ತು. ನಿಂತ ಹಿಟ್ಟನ್ನು ಕತ್ತಲಲ್ಲೂ ಗುರುತಿಸುವವಳು ನಿಂತ ಪೆಟ್ರೋಲನ್ನು ಹಗಲಿನಲ್ಲಿ ಕೇಳಿ ಹಾಕಿಸಿಕೊಂಡಿದ್ದಳು.

ಬುಟ್ಟಿಗಳನ್ನು ಆಟೋಕ್ಕೆ ಏರಿಸಿದರು. ಹಾಸ್ಟೆಲ್ ಮುಟ್ಟಿದಾಗ ಎರಡು ಗಂಟೆ. ಮಳೆ ನಿಂತಿತ್ತು. ಊಟದ ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಳೆದ ತಟ್ಟೆಗಳನ್ನು ಗೋಡೆಗೆ ಒರಗಿಸಿದ್ದರು.

ಅಡುಗೆಯವಳು ತಲೆ ಎತ್ತಲಿಲ್ಲ. ಮೇಡಂ ಬೈಯಲಿಲ್ಲ. “ಹನ್ನೆರಡೂವರೆವರೆಗೂ ತಟ್ಟೆ ಹಿಡಿದು ಕಾದರು. ಆಮೇಲೆ ಎರಡೆರಡು ಚಮಚ ಪಲ್ಯ ತಿಂದು ಪರೀಕ್ಷೆಗೆ ಹೋದರು” ಎಂದರು. ಒಳಗೆ ಹೋಗುತ್ತ, “ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ” ಎಂದರು.

ರೊಟ್ಟಿಯವಳು ಬುಟ್ಟಿಗಳನ್ನು ಅಲ್ಲೇ ಇಳಿಸಿ, ಮೆಟ್ಟಿಲ ಮೇಲೆ ಕುಳಿತಳು. ಹುಡುಗಿಯರು ತಿರುಗಿ ಬರುವವರೆಗೂ ಕುಳಿತೇ ಇದ್ದಳು. ಅವರು ಬಂದರು. ತಣ್ಣಗಾದ ರೊಟ್ಟಿಯನ್ನು ನಿಂತುಕೊಂಡೇ ತಿಂದರು. ಒಬ್ಬಳು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಕೇಳಿದಳು: “ಆಯೀ, ಮಳೆಯಲ್ಲಿ ನಿಮಗೆ ಬಹಳ ತ್ರಾಸಾಯಿತೇನು?”

ರೊಟ್ಟಿಯವಳು ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಅವಳ ಕೈಗೆ ಕೊಟ್ಟಳು.

ಮರುದಿನ ಮೆಕ್ಯಾನಿಕ್ ಟ್ಯಾಂಕನ್ನು ಪೂರಾ ಖಾಲಿ ಮಾಡಿ ಒಣಗಿಸಿಕೊಟ್ಟ. ರೊಟ್ಟಿಯವಳು ಹಸಿರು ಪಂಪಿನ ಸಾಲಿಗೆ ಹೋದಳು. ಅವಳ ಮುಂದೆ ಹನ್ನೊಂದು ಗಾಡಿಗಳಿದ್ದವು. ವ್ಯಾಪಾರಿ ಆಚೆಯಿಂದ ಕೈ ಎತ್ತಿ ಏನೋ ಅಂದ. ಗಾಡಿಗಳ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನೀಲಾಂಬಿಕೆಗೆ ಆ ರಸ್ತೆಯಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೇಳಿದಳು: “ತಿಳಿಯಿತು ಅಜ್ಜಾರೇ. ಕಾರಿನ ಪುಸ್ತಕ ಏನು ಹೇಳುತ್ತದೋ ಅದು. ಹತ್ತಾರು ಮಂದಿ ದಿನಾ ಹಾಕಿಸುವ ಪಂಪಿನಲ್ಲಿ. ಅದಕ್ಕಿಂತ ಹೆಚ್ಚಿನದು ಕಾರಿಗೆ ಬೇಕಿಲ್ಲ, ಅದು ನಮಗೆ ಬೇಕಾದದ್ದು.”

ಗುರುಗಳು ತಲೆದೂಗಿದರು.

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. ಉತ್ತರ ಸಿಕ್ಕಿತ್ತು. ಭಾವನಿಗೆ ಏನು ಹೇಳಬೇಕೆಂಬುದೂ ಆಗಲೇ ಅವಳ ಮನಸ್ಸಿನಲ್ಲಿ ಸಿದ್ಧವಾಗುತ್ತಿತ್ತು. ಎರಡು ಮೆಟ್ಟಿಲು ಇಳಿದು ತಿರುಗಿ ನಿಂತಳು.

“ಅಂತೂ ಆ ರೊಟ್ಟಿಯವಳು ಗೆದ್ದಳಲ್ಲ ಅಜ್ಜಾರೇ. ಕಾರು ಉಳಿಯಿತು, ಹಾಸ್ಟೆಲಿನ ಕೆಲಸವೂ ಉಳಿಯಿತು. ಒಂದು ದಿನದ ಪೆಟ್ರೋಲಿನಲ್ಲಿ ಬುದ್ಧಿ ಕಲಿತಳು.”

ಗುರುಗಳು ಹೇಳಿದರು: “ಕಾರು ಈಗಲೂ ಅವಳದೇ ತಂಗಿ, ಹಾಸ್ಟೆಲಿನ ಕೆಲಸವೂ ಅವಳದೇ, ಆ ದಿನದ ಪೆಟ್ರೋಲಿನ ಬೆಲೆ ಕೊಟ್ಟವರು ಮಾತ್ರ ತಟ್ಟೆ ಹಿಡಿದು ಕಾದ ನೂರಾ ನಲವತ್ತು ಹುಡುಗಿಯರು.”